ಏಜೆಂಟ್ ಬೇಡವೆಂದವರ ಗೆಲುವು, ಉಳಿದ ಬಾಕಿ

ಪಪೆಟ್, ಶೆಫ್, ಸಾಲ್ಟ್, ಆನ್ಸಿಬಲ್. ಹತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಲಿನಕ್ಸ್ ಅಡ್ಮಿನ್ ಕೆಲಸದ ಸಂದರ್ಶನಕ್ಕೆ ಹೋದವರಿಗೆ ಈ ನಾಲ್ಕರಲ್ಲಿ ಒಂದಾದರೂ ಗೊತ್ತಿರಬೇಕೆಂಬ ನಿರೀಕ್ಷೆ ಇರುತ್ತಿತ್ತು. ದೂರದ ಸರ್ವರ್‌ಗಳನ್ನು ಕೈಯಿಂದ ಮುಟ್ಟದೆ, ಬರೆದಿಟ್ಟ ಕಡತದ ಪ್ರಕಾರ ಸಜ್ಜುಗೊಳಿಸುವ ಸಾಧನಗಳಿವು. ಇಂದು ನಾಲ್ಕೂ ಕೈ ಬದಲಾಯಿಸಿವೆ. ಆನ್ಸಿಬಲ್ 2015ರಲ್ಲಿ ರೆಡ್ ಹ್ಯಾಟ್ ಪಾಲಾಯಿತು. ಆ ರೆಡ್ ಹ್ಯಾಟ್ ಅನ್ನೇ ಐಬಿಎಂ 34 ಬಿಲಿಯನ್ ಡಾಲರ್ ತೆತ್ತು 2019ರಲ್ಲಿ ತನ್ನದಾಗಿಸಿಕೊಂಡಿತು. ಶೆಫ್ 2020ರಲ್ಲಿ ಪ್ರೋಗ್ರೆಸ್ ಕಂಪನಿಗೆ ಹೋಯಿತು. ಸಾಲ್ಟ್ ಅದೇ ವರ್ಷ ವಿಎಂವೇರ್ ಸೇರಿ, ಆಮೇಲೆ ವಿಎಂವೇರ್ ಜೊತೆಗೇ ಬ್ರಾಡ್‌ಕಾಮ್ ಮನೆ ತುಂಬಿತು. ಪಪೆಟ್ 2022ರಲ್ಲಿ ಪರ್ಫೋರ್ಸ್ ಕೈಗೆ ಬಂತು. ಹೊಸ ಮಾಲೀಕರು ಸಿದ್ಧ ಪ್ಯಾಕೇಜುಗಳನ್ನು ಒಳಗೆಳೆದುಕೊಳ್ಳಲು ಹೊರಟಾಗ ಬಳಕೆದಾರರು ಓಪನ್‌ವಾಕ್ಸ್ ಹೆಸರಿನಲ್ಲಿ ಬೇರೆ ಒಲೆ ಹೂಡಿದರು. ಒಂದು ಅಧ್ಯಾಯ ಮುಗಿದಿದೆ ಎನ್ನಲು ಇಷ್ಟು ಸಾಕು.

ನಾಲ್ಕರಲ್ಲಿ ಕೊನೆಗೆ ಬಂದದ್ದು ಆನ್ಸಿಬಲ್. 2012ರ ಫೆಬ್ರವರಿಯಲ್ಲಿ ಮೈಕೆಲ್ ಡಿಹಾನ್ ಅದರ ಮೊದಲ ಆವೃತ್ತಿ ಬಿಡುಗಡೆ ಮಾಡಿದಾಗ ಪಪೆಟ್‌ಗೆ ಆಗಲೇ ಏಳು ವರ್ಷ ತುಂಬುತ್ತಿತ್ತು. ತಡವಾಗಿ ಬಂದದ್ದು ಮುಂದೆ ಹೋದದ್ದು ಹೇಗೆ? ತಾಂತ್ರಿಕವಾಗಿ ನೋಡಿದರೆ ಪಪೆಟ್ ಅದಕ್ಕಿಂತ ಜಾಣ ಸಾಧನ, ಸಾಲ್ಟ್ ಅದಕ್ಕಿಂತ ವೇಗದ್ದು. ಬಳಸುವವರಿಂದ ಆನ್ಸಿಬಲ್ ಕೇಳಿದ್ದು ಬಹಳ ಕಡಿಮೆ, ಅದರಿಂದಲೇ ಗೆದ್ದಿತು. ಹಾಗೆ ಕಡಿಮೆ ಕೇಳಿದ್ದರಲ್ಲೇ ಅದರ ಇವತ್ತಿನ ತಾಪತ್ರಯಗಳ ಬೇರೂ ಇದೆ ಎಂಬುದು ನಮ್ಮ ಅಭಿಪ್ರಾಯ.

ಅದಕ್ಕೂ ಹಿಂದಿನ ಪಾಡನ್ನು ಈಗಿನ ಹುಡುಗರು ನಂಬಲಿಕ್ಕಿಲ್ಲ. ಒಂದು ಸರ್ವರ್ ಬಂತೆಂದರೆ ಬಳಕೆದಾರರ ಖಾತೆ ತೆರೆಯಬೇಕು, ಪ್ಯಾಕೇಜು ಹಾಕಬೇಕು, ಗಡಿಯಾರ ಹೊಂದಿಸಬೇಕು, ಫೈರ್‌ವಾಲ್ ನಿಯಮ ಬರೆಯಬೇಕು, ಲಾಗ್ ಎಲ್ಲಿಗೆ ಹೋಗಬೇಕೆಂದು ಹೇಳಬೇಕು. ವರ್ಡ್ ಕಡತದಲ್ಲಿದ್ದ ಚೆಕ್‌ಲಿಸ್ಟ್ ಪಕ್ಕದಲ್ಲಿಟ್ಟುಕೊಂಡು, ಒಂದೊಂದಕ್ಕೇ ಲಾಗಿನ್ ಆಗಿ ಇದನ್ನೆಲ್ಲ ಮಾಡುತ್ತಿದ್ದರು. ಸ್ವಲ್ಪ ಚುರುಕಿನವರು ಸರ್ವರ್ ಹೆಸರುಗಳನ್ನು ಟೆಕ್ಸ್ಟ್ ಫೈಲಿಗೆ ತುಂಬಿ, ಶೆಲ್‌ನಲ್ಲಿ ಫಾರ್ ಲೂಪ್ ಬರೆದು ಒಂದೇ ಕಮಾಂಡನ್ನು ಎಲ್ಲದರ ಮೇಲೂ ಓಡಿಸುತ್ತಿದ್ದರು. ನಡುವೆ ಒಂದು ಸರ್ವರ್ ಉತ್ತರ ಕೊಡದಿದ್ದರೂ ಲೂಪ್ ಮುಂದಕ್ಕೆ ಹೋಗುತ್ತಿತ್ತು. ತಪ್ಪಿಹೋದದ್ದು ಯಾವುದೆಂದು ಹುಡುಕುವ ಪುರಸೊತ್ತು ಯಾರಿಗೂ ಇರುತ್ತಿರಲಿಲ್ಲ.

ಹಾಗೆ ತಪ್ಪಿಹೋದ ಒಂದೇ ಸರ್ವರ್‌ನ ಬೆಲೆ ಎಷ್ಟೆಂದು ಜಗತ್ತಿಗೆ ಗೊತ್ತಾದದ್ದು ಆನ್ಸಿಬಲ್ ಹುಟ್ಟಿದ ವರ್ಷವೇ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಹೊಸ ತಂತ್ರಾಂಶದೊಡನೆ ದಿನ ಆರಂಭಿಸಿತು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಗಿತ್ತು, ಎಂಟನೆಯದಕ್ಕೆ ಹೋಗಿರಲಿಲ್ಲ. ವರ್ಷಗಳಿಂದ ಬಳಕೆ ತಪ್ಪಿದ್ದ ಹಳೆಯ ಕೋಡ್ ಆ ಒಂದರಲ್ಲಿ ಜೀವ ತಳೆದು ಕೊಳ್ಳುವ ಮಾರುವ ಆರ್ಡರ್‌ಗಳನ್ನು ಒಂದೇ ಸಮ ಕಳಿಸತೊಡಗಿತು. ಮುಕ್ಕಾಲು ಗಂಟೆಯಲ್ಲಿ ಆದ ನಷ್ಟ 44 ಕೋಟಿ ಡಾಲರಿಗೂ ಹೆಚ್ಚು. ಮರುವರ್ಷ ಕಂಪನಿ ಇನ್ನೊಂದರಲ್ಲಿ ವಿಲೀನವಾಯಿತು. ಕೋಡನ್ನು ನಕಲು ಮಾಡಿದವರ ಕೆಲಸವನ್ನು ಇನ್ನೊಬ್ಬರು ತಾಳೆ ನೋಡಬೇಕೆಂಬ ಲಿಖಿತ ನಿಯಮ ಅಲ್ಲಿರಲಿಲ್ಲ ಎಂದು ಆಮೇಲಿನ ವಿಚಾರಣೆಯಲ್ಲಿ ಹೊರಬಂತು.

ಈ ರೋಗಕ್ಕೆ ಮದ್ದು ಅಷ್ಟರಲ್ಲಾಗಲೇ ಇತ್ತು. 1993ರಲ್ಲಿ ಓಸ್ಲೋದಲ್ಲಿ ಮಾರ್ಕ್ ಬರ್ಜೆಸ್ ಬರೆದ ಸಿಎಫ್‌ಎಂಜಿನ್ ಈ ಇಡೀ ಸಂತತಿಯ ಮೂಲ. ಯಂತ್ರಕ್ಕೆ ಹೀಗೆ ಮಾಡು, ಆಮೇಲೆ ಹಾಗೆ ಮಾಡು ಎಂದು ಹೇಳುವ ಬದಲು ಕೊನೆಗೆ ಎಂಥ ಸ್ಥಿತಿಯಲ್ಲಿರಬೇಕೆಂದು ಮಾತ್ರ ಬರೆದಿಡುವುದು. ಆಗಾಗ ಹೋಲಿಸಿ ನೋಡಿ, ವ್ಯತ್ಯಾಸ ಇದ್ದರಷ್ಟೇ ಕೈ ಹಾಕುವುದು ಅದರ ತತ್ವ. ಪಪೆಟ್ ಮತ್ತು ಶೆಫ್ ಇದನ್ನೇ ಉದ್ಯಮಕ್ಕೆ ಒಗ್ಗಿಸಿದವು. ಪ್ರತಿ ಸರ್ವರ್‌ನಲ್ಲೂ ಒಂದು ಏಜೆಂಟ್ ಕೂತಿರುತ್ತದೆ. ಪಪೆಟ್‌ನ ಏಜೆಂಟ್ ಅರ್ಧ ಗಂಟೆಗೊಮ್ಮೆ ಮುಖ್ಯ ಸರ್ವರ್ ಅನ್ನು ಕೇಳಿ, ತನ್ನ ಯಂತ್ರ ಹೇಳಿದ ಹಾಗಿದೆಯೇ ಎಂದು ನೋಡುತ್ತದೆ. ರಾತ್ರಿ ಯಾರೋ ಕೈಯಾಡಿಸಿ ಕೆಡಿಸಿದ್ದು ಬೆಳಗಾಗುವುದರೊಳಗೆ ತಾನಾಗಿಯೇ ಸರಿಯಾಗಿರುತ್ತದೆ. ನಿಜವಾಗಿಯೂ ಒಳ್ಳೆಯ ವ್ಯವಸ್ಥೆ.

ಖರ್ಚೂ ಇತ್ತು. ಪ್ರತಿ ಯಂತ್ರಕ್ಕೂ ಏಜೆಂಟ್ ಹಾಕಬೇಕು, ಅದರ ಸರ್ಟಿಫಿಕೇಟಿಗೆ ಸಹಿ ಮಾಡಬೇಕು, 8140ನೇ ಪೋರ್ಟ್ ತೆರೆಸಬೇಕು, ಏಜೆಂಟ್‌ನ ಆವೃತ್ತಿಯನ್ನು ಕಾಲಕಾಲಕ್ಕೆ ಏರಿಸಬೇಕು, ಸಾವಿರ ಏಜೆಂಟ್‌ಗಳ ಪ್ರಶ್ನೆಗೆ ಉತ್ತರಿಸುವ ತ್ರಾಣ ಮುಖ್ಯ ಸರ್ವರ್‌ಗೆ ಇರಬೇಕು. ಸರ್ವರ್ ನೋಡಿಕೊಳ್ಳುವ ಸಾಧನವನ್ನು ನೋಡಿಕೊಳ್ಳುವುದೇ ಒಂದು ತಂಡದ ಕೆಲಸವಾಗುತ್ತಿತ್ತು. ಬೆಂಗಳೂರಿನ ಸೇವಾ ಕಂಪನಿಗಳಿಗಂತೂ ಇದು ದೊಡ್ಡ ಅಡ್ಡಿ. ಇಲ್ಲಿ ಕೂತು ನೋಡಿಕೊಳ್ಳುವ ಸರ್ವರ್‌ಗಳು ಇಲ್ಲಿಯವಲ್ಲ. ನ್ಯೂಜೆರ್ಸಿಯ ವಿಮಾ ಕಂಪನಿಯದೋ ಫ್ರಾಂಕ್‌ಫರ್ಟ್‌ನ ಬ್ಯಾಂಕಿನದೋ ಇರುತ್ತವೆ. ಗ್ರಾಹಕರ ಯಂತ್ರದಲ್ಲಿ ಸದಾ ಓಡುವ ಹೊಸ ಪ್ರೋಗ್ರಾಂ ಒಂದನ್ನು ಹಾಕುತ್ತೇವೆ ಎಂದರೆ ಅವರ ಸೆಕ್ಯುರಿಟಿ ತಂಡ ಒಪ್ಪಬೇಕು, ಚೇಂಜ್ ಟಿಕೆಟ್ ಹತ್ತು ಮೇಜು ಸುತ್ತಬೇಕು. ಎಸ್‌ಎಸ್‌ಎಚ್ ಲಾಗಿನ್ ಮಾತ್ರ ಮೊದಲ ದಿನದಿಂದಲೇ ಕೈಯಲ್ಲಿರುತ್ತಿತ್ತು, ಅದಿಲ್ಲದೆ ಕೆಲಸವೇ ಇಲ್ಲವಲ್ಲ.

ಆ ಎಸ್‌ಎಸ್‌ಎಚ್ 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅಲ್ಲಿನ ನೆಟ್‌ವರ್ಕ್‌ನಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್ ಹಿಡಿಯುತ್ತಿದ್ದುದು ಪತ್ತೆಯಾದ ಮೇಲೆ ತತು ಯ್ಲೋನೆನ್ ಅದನ್ನು ಬರೆದರು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಓಪನ್ಎಸ್‌ಎಸ್‌ಎಚ್ ಕೊಟ್ಟ ಬಳಿಕ ಅದು ಇಲ್ಲದ ಲಿನಕ್ಸ್ ಸರ್ವರ್ ಸಿಗುವುದೇ ಅಪರೂಪವಾಯಿತು. ಡಿಹಾನ್ ಹಿಂದೆ ರೆಡ್ ಹ್ಯಾಟ್‌ನಲ್ಲಿದ್ದಾಗ ಕಾಬ್ಲರ್ ಕಟ್ಟಿದವರು, ಫಂಕ್ ಎಂಬ ಸಾಧನಕ್ಕೂ ಕೈ ಜೋಡಿಸಿದ್ದವರು. ಫಂಕ್‌ನಲ್ಲಿ ಪ್ರತಿ ಯಂತ್ರದಲ್ಲೂ ಒಂದು ಡೀಮನ್, ಅದಕ್ಕೊಂದು ಸರ್ಟಿಫಿಕೇಟ್ ಬೇಕಿತ್ತು. ಆನ್ಸಿಬಲ್‌ನಲ್ಲಿ ಅವರು ಅದೆರಡನ್ನೂ ಕೈಬಿಟ್ಟರು. ಆಗಲೇ ತೆರೆದಿದ್ದ ಬಾಗಿಲಿನಿಂದಲೇ ಒಳಹೋಗುವುದೆಂದು ತೀರ್ಮಾನಿಸಿದರು.

ಅದು ಕೆಲಸ ಮಾಡುವ ಬಗೆ ಸರಳ. ಯಾವ ಯಾವ ಸರ್ವರ್ ಎಂಬ ಪಟ್ಟಿ ಒಂದು ಕಡತದಲ್ಲಿ. ಇದಕ್ಕೆ ಇನ್ವೆಂಟರಿ ಎನ್ನುತ್ತಾರೆ. ಏನಾಗಬೇಕೆಂಬುದು ಯಾಮೆಲ್ ಭಾಷೆಯ ಇನ್ನೊಂದು ಕಡತದಲ್ಲಿ, ಅದು ಪ್ಲೇಬುಕ್. ಓಡಿಸಿದಾಗ ಆನ್ಸಿಬಲ್ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು, ಪುಟ್ಟದೊಂದು ಪೈಥಾನ್ ಪ್ರೋಗ್ರಾಂ ಅನ್ನು ಅಲ್ಲಿನ ತಾತ್ಕಾಲಿಕ ಫೋಲ್ಡರಿಗೆ ಕಳಿಸಿ, ಓಡಿಸಿ, ಉತ್ತರ ಪಡೆದು, ಅದನ್ನು ಅಳಿಸಿ ಹೊರಬರುತ್ತದೆ. ಬೇರೇನೂ ಹೇಳದಿದ್ದರೆ ಒಂದು ಸಲಕ್ಕೆ ಐದು ಸರ್ವರ್. ಪರದೆಯ ಮೇಲೆ ಆಗಲೇ ಸರಿ ಇದ್ದದ್ದು ಹಸಿರಾಗಿ, ಬದಲಾದದ್ದು ಹಳದಿಯಾಗಿ, ಕೆಟ್ಟದ್ದು ಕೆಂಪಾಗಿ ಬರುತ್ತದೆ. ಕೌಸೇ ಎಂಬ ತಮಾಷೆಯ ಪ್ರೋಗ್ರಾಂ ಯಂತ್ರದಲ್ಲಿದ್ದರೆ ಪ್ರತಿ ಹೆಜ್ಜೆಯನ್ನೂ ಅಕ್ಷರಗಳಲ್ಲಿ ಬಿಡಿಸಿದ ಹಸುವೊಂದು ಹೇಳುತ್ತದೆ! ಹೊಸಬರು ಇದನ್ನು ವೈರಸ್ ಎಂದುಕೊಂಡು ಗಾಬರಿಯಾಗುವುದುಂಟು.

ಹತ್ತಿರದಿಂದ ನೋಡಲು ಒಂದು ಮಾಮೂಲಿ ಕೆಲಸ ತೆಗೆದುಕೊಳ್ಳೋಣ: ರೂಟ್ ಖಾತೆಯಿಂದ ನೇರ ಲಾಗಿನ್ ಆಗುವುದನ್ನು ನಿಲ್ಲಿಸಬೇಕು. ಎಸ್‌ಎಸ್‌ಎಚ್‌ನ ಕಾನ್ಫಿಗ್ ಕಡತದಲ್ಲಿ ಒಂದೇ ಸಾಲು ಬದಲಾಗಬೇಕು. ಶೆಲ್ ಸ್ಕ್ರಿಪ್ಟ್‌ನಿಂದ ಆ ಸಾಲನ್ನು ಕಡತದ ಕೊನೆಗೆ ಸೇರಿಸಿದರೆ, ಸ್ಕ್ರಿಪ್ಟ್ ಹತ್ತು ಸಲ ಓಡಿದಾಗ ಹತ್ತು ಸಾಲು ಕೂತಿರುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೇಲೆ ಎಲ್ಲೋ ಹಳೆಯ ಸಾಲು ಇದ್ದರೆ ಎಸ್‌ಎಸ್‌ಎಚ್ ಅದನ್ನೇ ಮಾನ್ಯ ಮಾಡುತ್ತದೆ, ಏಕೆಂದರೆ ಮೊದಲು ಕಂಡ ಮೌಲ್ಯವೇ ಅದಕ್ಕೆ ಪ್ರಮಾಣ. ಆನ್ಸಿಬಲ್‌ನ ಲೈನ್‌ಇನ್‌ಫೈಲ್ ಮಾಡ್ಯೂಲ್‌ಗೆ ಯಾವ ಸಾಲನ್ನು ಹುಡುಕಬೇಕೆಂದು ಸರಿಯಾಗಿ ಹೇಳಿದ್ದರೆ, ಆ ಸಾಲು ಇದ್ದಲ್ಲೇ ಬದಲಿಸುತ್ತದೆ, ಸರಿ ಇದ್ದರೆ ಮುಟ್ಟದೆ ಬಿಡುತ್ತದೆ. ಬದಲಾಗಿದ್ದರೆ ಮಾತ್ರ ಸೇವೆಯನ್ನು ಮರುಪ್ರಾರಂಭಿಸುವಂತೆ ಹ್ಯಾಂಡ್ಲರ್ ಬರೆಯಬಹುದು. ಇಲ್ಲೇ ಅಪಾಯವೂ ಅಡಗಿದೆ. ಆ ಸಾಲಿನಲ್ಲಿ ಒಂದಕ್ಷರ ತಪ್ಪಿದ್ದು, ಸೇವೆ ಮರುಪ್ರಾರಂಭವಾಗಲು ಹೋಗಿ ಏಳದೆ ಬಿದ್ದರೆ, ಈಗಾಗಲೇ ತೆರೆದಿರುವ ಸಂಪರ್ಕ ಬದುಕಿಯೇ ಇರುತ್ತದೆ. ಎಲ್ಲ ಸರಿಯಾಗಿದೆ ಎಂದು ಅದನ್ನೂ ಮುಚ್ಚಿದ ಮೇಲೆ ಮುಂದಿನ ಲಾಗಿನ್‌ಗೆ ಬಾಗಿಲೇ ಇರುವುದಿಲ್ಲ. ಏಜೆಂಟ್ ಇದ್ದಿದ್ದರೆ ಇನ್ನೊಂದು ದಾರಿ ಉಳಿದಿರುತ್ತಿತ್ತು. ಎಸ್‌ಎಸ್‌ಎಚ್ ಒಂದನ್ನೇ ನಂಬಿದ ಸಾಧನ ಎಸ್‌ಎಸ್‌ಎಚ್ ಅನ್ನೇ ತಿದ್ದುವುದೆಂದರೆ ಕೂತ ಕೊಂಬೆಗೇ ಕೊಡಲಿ ಹಾಕಿದ ಹಾಗೆ. ಕಡತವನ್ನು ಜಾಗಕ್ಕೆ ಇಡುವ ಮೊದಲು ಪರೀಕ್ಷಿಸಿ ನೋಡು ಎಂಬ ವ್ಯಾಲಿಡೇಟ್ ಸೌಲಭ್ಯ ಅದೇ ಮಾಡ್ಯೂಲ್‌ನಲ್ಲಿದೆ. ಒಂದು ಸಾಲು ಹೆಚ್ಚು ಬರೆದರೆ ಸಾಕು. ಆ ಸಾಲು ಇಲ್ಲದ ಪ್ಲೇಬುಕ್‌ಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ.

ಜಮಾ ಕಡೆ ಬರೆಯಬೇಕಾದದ್ದು ಧಾರಾಳವಾಗಿದೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಓಪನ್‌ಎಸ್‌ಎಸ್‌ಎಲ್ ಅನ್ನು ಎಲ್ಲೆಡೆ ತುರ್ತಾಗಿ ಬದಲಾಯಿಸಬೇಕಾಯಿತು, ಸೆಪ್ಟೆಂಬರ್‌ನಲ್ಲಿ ಶೆಲ್‌ಶಾಕ್ ಬಂದಾಗ ಬ್ಯಾಶ್ ಅನ್ನು. ಇನ್ವೆಂಟರಿ ಸರಿಯಿದ್ದ ತಂಡಗಳು ಒಂದು ಕಮಾಂಡ್‌ನಲ್ಲಿ ಮುಗಿಸಿದ ಕೆಲಸಕ್ಕೆ ಉಳಿದವರು ರಾತ್ರಿಗಳನ್ನು ಸುಟ್ಟರು. ಅದೇ ವರ್ಷ ವಿಂಡೋಸ್‌ಗೂ ಬೆಂಬಲ ಬಂತು. 2016ರಲ್ಲಿ ರೌಟರ್ ಮತ್ತು ಸ್ವಿಚ್‌ಗಳು ಸೇರಿದವು. ಏಜೆಂಟ್ ಬೇಡವೆಂಬ ನಿಲುವಿನ ನಿಜವಾದ ಬೆಲೆ ತಿಳಿದದ್ದು ಇಲ್ಲೇ. ಬಹುಪಾಲು ಸ್ವಿಚ್‌ಗಳ ಒಳಗೆ ಹೊರಗಿನ ಪ್ರೋಗ್ರಾಂ ಹಾಕಲು ಬರುವುದಿಲ್ಲ, ಆದರೆ ಲಾಗಿನ್ ಆಗಲು ಬರುತ್ತದೆ. ಸಿಸ್ಕೊ ಕಮಾಂಡ್‌ಗಳನ್ನು ನೋಟ್‌ಪ್ಯಾಡ್‌ನಿಂದ ಕಾಪಿ ಪೇಸ್ಟ್ ಮಾಡುತ್ತಿದ್ದ ನೆಟ್‌ವರ್ಕ್ ಎಂಜಿನಿಯರ್‌ಗಳ ಕೈಗೆ ಮೊದಲ ಸಲ ಒಂದು ಕ್ರಮ ಸಿಕ್ಕಿತು. ಎದುರಾಳಿಗಳೂ ಸೋಲೊಪ್ಪಿದಂತೆ ಇತ್ತ ಬಂದರು: ಸಾಲ್ಟ್‌ನವರು ಸಾಲ್ಟ್ ಎಸ್‌ಎಸ್‌ಎಚ್ ಕೊಟ್ಟರು, ಪಪೆಟ್‌ನವರು 2017ರಲ್ಲಿ ಬೋಲ್ಟ್ ತಂದರು. ಎರಡಕ್ಕೂ ಏಜೆಂಟ್ ಬೇಡ.

ಸಾಲದ ಕಡೆಗೂ ಬರೋಣ. ಕೈಯಿಂದ ಮಾಡಿದರೆ ಒಂದು ಸರ್ವರ್ ತಪ್ಪಿಹೋಗುತ್ತದೆ. ಇಂಥ ಸಾಧನದಿಂದ ಮಾಡಿಸಿದರೆ ಒಂದೂ ತಪ್ಪಿಹೋಗುವುದಿಲ್ಲ, ತಪ್ಪು ಆದೇಶವೂ ಎಲ್ಲಕ್ಕೂ ತಲುಪುತ್ತದೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸೇವೆ ವರ್ಜೀನಿಯಾ ಪ್ರದೇಶದಲ್ಲಿ ಗಂಟೆಗಟ್ಟಲೆ ನಿಂತುಹೋದದ್ದಕ್ಕೆ ಕಾರಣ, ಕೆಲವೇ ಸರ್ವರ್ ತೆಗೆಯಲು ಕೊಟ್ಟ ಕಮಾಂಡ್‌ನಲ್ಲಿ ಒಂದು ಮೌಲ್ಯ ತಪ್ಪಾಗಿ ಬಿದ್ದದ್ದು. ಅನುಮತಿ ಇದ್ದ ಉದ್ಯೋಗಿಯೇ ಗೊತ್ತುಪಡಿಸಿದ ಕ್ರಮದಂತೆ ಕೊಟ್ಟ ಕಮಾಂಡ್ ಅದು ಎಂದು ಕಂಪನಿಯೇ ಹೇಳಿಕೊಂಡಿತು. ಅದು ಆನ್ಸಿಬಲ್ ದೋಷವಲ್ಲ, ಆದರೆ ಆನ್ಸಿಬಲ್ ಇರುವ ಪ್ರತಿ ಕಚೇರಿಯಲ್ಲೂ ಅಂಥದೊಂದು ಕಮಾಂಡ್ ಒಬ್ಬರ ಬೆರಳ ತುದಿಯಲ್ಲಿದೆ. ಸಲಕ್ಕೆ ಇಷ್ಟೇ ಸರ್ವರ್ ಎಂದು ಹೇಳುವ ಸೀರಿಯಲ್, ಇಷ್ಟು ಕೆಟ್ಟರೆ ನಿಲ್ಲಿಸು ಎಂದು ಹೇಳುವ ಮ್ಯಾಕ್ಸ್ ಫೇಲ್ ಪರ್ಸೆಂಟೇಜ್ ಎಂಬ ಕಡಿವಾಣಗಳು ಅದರಲ್ಲಿವೆ. ಬರೆದುಕೊಂಡವರಿಗೆ ಮಾತ್ರ.

ಇನ್ನು ಭದ್ರತೆ. ಏಜೆಂಟ್ ಇಲ್ಲದಿದ್ದರೆ ದಾಳಿಗೆ ಸಿಗುವ ಜಾಗ ಕಡಿಮೆ ಎಂಬ ವಾದದಲ್ಲಿ ಹುರುಳಿದೆ. 2020ರ ಏಪ್ರಿಲ್ ಕೊನೆಗೆ ಸಾಲ್ಟ್‌ನ ಮುಖ್ಯ ಸರ್ವರ್‌ನಲ್ಲಿ ದೋಷ ಪ್ರಕಟವಾದ ಕೆಲವೇ ದಿನಗಳಲ್ಲಿ, ಇಂಟರ್‌ನೆಟ್‌ಗೆ ತೆರೆದಿಟ್ಟಿದ್ದ ಮಾಸ್ಟರ್‌ಗಳ ಮೂಲಕ ಲೀನಿಯೇಜ್‌ಓಎಸ್, ಘೋಸ್ಟ್‌ನಂಥವರ ಸರ್ವರ್‌ಗಳಿಗೆ ದಾಳಿಕೋರರು ನುಗ್ಗಿದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಬೀಳಿಸಿತು. ಅದು ಬೇರೆ ಕೆಲಸದ ಸಾಧನ, ಆದರೆ ಪ್ರತಿ ಯಂತ್ರದ ಆಳದಲ್ಲಿ ಕೂತ ಏಜೆಂಟ್ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಹಾಗೆಂದು ಈಚೆ ಕಡೆಯವರು ನಿಶ್ಚಿಂತೆಯಿಂದ ಇರುವಂತಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯಲ್ಲಿ ಯಾರೋ ಹುದುಗಿಸಿಟ್ಟಿದ್ದ ಹಿಂಬಾಗಿಲನ್ನು ಆಂಡ್ರೆಸ್ ಫ್ರಾಯಂಡ್ ಪತ್ತೆ ಮಾಡಿದರು. ಎಸ್‌ಎಸ್‌ಎಚ್ ಲಾಗಿನ್ ಇರಬೇಕಾದ್ದಕ್ಕಿಂತ ತುಸು ನಿಧಾನವಾಗಿದೆ ಎಂಬ ಸಣ್ಣ ಅನುಮಾನದಿಂದ ಹೊರಟ ಹುಡುಕಾಟ ಅದು. ಗುರಿ ಇದ್ದದ್ದು ಎಸ್‌ಎಸ್‌ಎಚ್ ಮೇಲೆಯೇ. ರೂಟ್ ಅಧಿಕಾರದಲ್ಲಿ ಸದಾ ಕಿವಿ ತೆರೆದು ಕೂತಿರುವ ಎಸ್‌ಎಸ್‌ಎಚ್ ಸೇವೆ ಪ್ರತಿ ಸರ್ವರ್‌ನಲ್ಲೂ ಇದೆಯಲ್ಲ. ಮೇಲಾಗಿ ನೂರಾರು ಸರ್ವರ್‌ಗಳನ್ನು ತೆರೆಯುವ ಕೀ ಒಂದೇ ಕಂಟ್ರೋಲ್ ಯಂತ್ರದಲ್ಲಿ, ಎಷ್ಟೋ ಕಡೆ ಒಬ್ಬ ಎಂಜಿನಿಯರ್‌ನ ಲ್ಯಾಪ್‌ಟಾಪ್‌ನಲ್ಲಿ ಇರುತ್ತದೆ. ಕೆಲಸ ಬಿಟ್ಟು ಹೋದವರ ಕೀ ವರ್ಷಗಟ್ಟಲೆ ಸರ್ವರ್‌ಗಳಲ್ಲಿ ಉಳಿದಿರುವುದೂ ಹೊಸ ಸುದ್ದಿಯಲ್ಲ.

ಸರ್ವರ್ ಮೇಲೆ ಏನೂ ಬೇಡ ಎಂಬ ಮಾತೂ ಪೂರ್ತಿ ಸರಿಯಿರಲಿಲ್ಲ, ಪೈಥಾನ್ ಬೇಕಿತ್ತು. ಆ ಬಿಲ್ಲು ನಿಧಾನಕ್ಕೆ ಬಂತು. 2020ರ ಜನವರಿಯಲ್ಲಿ ಪೈಥಾನ್ 2ಕ್ಕೆ ಬೆಂಬಲ ನಿಂತಿತು. 2024ರಲ್ಲಿ ಬಂದ ಆನ್ಸಿಬಲ್ ಕೋರ್ 2.17 ದೂರದ ಯಂತ್ರಗಳಲ್ಲಿ ಪೈಥಾನ್ 3.6 ಅನ್ನೂ ಕೈಬಿಟ್ಟಿತು. ರೆಡ್ ಹ್ಯಾಟ್‌ನ ಎಂಟನೇ ಆವೃತ್ತಿಯ ಲಿನಕ್ಸ್‌ನ ಒಡಲಲ್ಲಿರುವುದು ಅದೇ 3.6, ಪ್ಯಾಕೇಜು ಹಾಕುವ ಡಿಎನ್ಎಫ್ ನಿಂತಿರುವುದೂ ಅದರ ಮೇಲೆ; ಆ ಆವೃತ್ತಿಗೆ 2029ರವರೆಗೆ ಬೆಂಬಲವಿದೆ. ಒಂದೇ ಕಂಪನಿಯ ಎರಡು ಸರಕು ಹೀಗೆ ಒಂದಕ್ಕೊಂದು ಬೆನ್ನು ತಿರುಗಿಸಿದವು. ಹೊಸ ಆನ್ಸಿಬಲ್ ಬೇಕೆಂದರೆ ಹಳೆಯ ಸರ್ವರ್‌ಗಳಿಗೆ ಹಳೆಯ ಆನ್ಸಿಬಲ್ ಅನ್ನೂ ಪಕ್ಕದಲ್ಲಿ ಸಾಕಬೇಕಾದ ಸ್ಥಿತಿ. 2020ರಲ್ಲಿ ಸಾವಿರಾರು ಮಾಡ್ಯೂಲ್‌ಗಳನ್ನು ಒಂದೇ ಕಣಜದಿಂದ ತೆಗೆದು ಕಲೆಕ್ಷನ್‌ಗಳಾಗಿ ಹಂಚಿದಾಗಲೂ ಹಳೆಯ ಪ್ಲೇಬುಕ್‌ಗಳು ಒದ್ದಾಡಿದ್ದವು. ಆ ಬದಲಾವಣೆ ಮಾತ್ರ ಅನಿವಾರ್ಯವೇ ಆಗಿತ್ತು.

ಯಾಮೆಲ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ನಾರ್ವೆ ದೇಶದ ಎರಡಕ್ಷರದ ಸಂಕೇತ ಬರೆದರೆ ಇಲ್ಲ ಎಂಬ ತಾರ್ಕಿಕ ಮೌಲ್ಯವೆಂದು ಓದಿಕೊಳ್ಳುವ ಭಾಷೆ ಅದು. ಒಂದು ಸ್ಪೇಸ್ ಹೆಚ್ಚಾದರೆ ಮುನಿಸಿಕೊಳ್ಳುತ್ತದೆ.

ಈ ನಡುವೆ ನೆಲವೇ ಸರಿಯಿತು. 2013ರಲ್ಲಿ ಡಾಕರ್, 2014ರಲ್ಲಿ ಟೆರಾಫಾರ್ಮ್ ಮತ್ತು ಕುಬರ್ನೆಟಿಸ್ ಬಂದ ಮೇಲೆ ಸರ್ವರ್ ಅನ್ನು ರಿಪೇರಿ ಮಾಡುವುದೇಕೆ, ಕೆಟ್ಟರೆ ಎಸೆದು ಹೊಸದು ಎಬ್ಬಿಸಿದರಾಯಿತಲ್ಲ ಎಂಬ ವಿಚಾರ ಬಲಗೊಂಡಿತು. ಕಾನ್ಫಿಗರೇಶನ್ ಸಾಧನಗಳ ಕಾಲ ಮುಗಿಯಿತೆಂದು ಹೇಳಿದವರೂ ಇದ್ದರು. ಕುತೂಹಲದ ಸಂಗತಿ ಎಂದರೆ ಕುಬರ್ನೆಟಿಸ್‌ನ ಪ್ರತಿ ನೋಡ್‌ನಲ್ಲೂ ಕುಬ್ಲೆಟ್ ಎಂಬ ಏಜೆಂಟ್ ಕೂತಿದೆ. ಬೇಕಾದ ಸ್ಥಿತಿಯನ್ನೂ ಇರುವ ಸ್ಥಿತಿಯನ್ನೂ ಬಿಡದೆ ಹೋಲಿಸುತ್ತ ಸರಿಪಡಿಸುತ್ತಿರುವುದೇ ಅದರ ಕೆಲಸ. ಪಪೆಟ್ ಹೇಳುತ್ತಿದ್ದುದೂ ಅದನ್ನೇ! ಆ ಕುಬರ್ನೆಟಿಸ್ ಅನ್ನು ಸ್ವಂತ ಯಂತ್ರಗಳ ಮೇಲೆ ಕೂರಿಸಲು ಬಳಸುವ ಕ್ಯೂಬ್‌ಸ್ಪ್ರೇ ಆನ್ಸಿಬಲ್ ಪ್ಲೇಬುಕ್‌ಗಳ ಕಂತೆ. ಟೆರಾಫಾರ್ಮ್ ಮಾಡಿದ ಹ್ಯಾಶಿಕಾರ್ಪ್ ಅನ್ನು 2025ರ ಫೆಬ್ರವರಿಯಲ್ಲಿ ಐಬಿಎಂ 6.4 ಬಿಲಿಯನ್ ಡಾಲರ್‌ಗೆ ಕೊಂಡದ್ದರಿಂದ ಅದೂ ಆನ್ಸಿಬಲ್ಲೂ ಈಗ ಒಂದೇ ಸೂರಿನಡಿ ಇವೆ. ಡೇಟಾಬೇಸ್ ಯಂತ್ರ, ಸ್ಟೋರೇಜ್, ಸ್ವಿಚ್, ಬ್ಯಾಂಕುಗಳ ಸ್ವಂತ ಡೇಟಾ ಸೆಂಟರ್: ಎಸೆದು ಹೊಸದು ಎಬ್ಬಿಸಲಾಗದ ಇವೆಲ್ಲ ಉಳಿದಿರುವವರೆಗೆ ಈ ಕಸುಬಿಗೆ ಕೆಲಸವಿದೆ.

ಹಾಗಾದರೆ ಬಾಕಿ ಉಳಿದದ್ದೇನು? ಪಪೆಟ್ ಕಲಿಯಲು ವಾರಗಟ್ಟಲೆ ಬೇಕಿತ್ತು. ಅಷ್ಟು ಕಷ್ಟಪಟ್ಟು ಕಲಿತವರಿಗೆ ಕೊನೆಯ ಸ್ಥಿತಿಯನ್ನು ಬರೆಯುವ ಶಿಸ್ತೂ ಜೊತೆಗೇ ಬರುತ್ತಿತ್ತು. ಆನ್ಸಿಬಲ್ ಒಂದು ಮಧ್ಯಾಹ್ನದಲ್ಲಿ ಕೈಗೆ ಹತ್ತುತ್ತದೆ, ಶಿಸ್ತನ್ನು ಯಾರೂ ಕಡ್ಡಾಯ ಮಾಡುವುದಿಲ್ಲ. ಹೀಗಾಗಿ ಎಷ್ಟೋ ಕಂಪನಿಗಳಲ್ಲಿ ಪ್ಲೇಬುಕ್ ಎಂಬ ಹೆಸರಿನಲ್ಲಿರುವುದು ಯಾಮೆಲ್ ಅಂಗಿ ತೊಟ್ಟ ಹಳೆಯ ಶೆಲ್ ಸ್ಕ್ರಿಪ್ಟ್. ಹೆಜ್ಜೆಹೆಜ್ಜೆಗೂ ಶೆಲ್ ಮಾಡ್ಯೂಲ್, ಕೆಂಪು ಬಂದ ಕಡೆಯೆಲ್ಲ ಇಗ್ನೋರ್ ಎರರ್ಸ್. ಅದನ್ನು ಎರಡನೇ ಸಲ ಓಡಿಸಿದರೆ ಏನಾಗುತ್ತದೋ ಎಂಬ ಭಯ ಬರೆದವರಿಗೇ ಇರುತ್ತದೆ. ಕೊನೆಯ ಸಾಲಿನಲ್ಲಿ ಫೇಲ್ಡ್ ಸೊನ್ನೆ ಎಂದು ತೋರಿಸಿ ಟಿಕೆಟ್ ಮುಚ್ಚುವವರೂ ಇದ್ದಾರೆ, ಅಷ್ಟಕ್ಕೇ ಒಪ್ಪುವ ಮ್ಯಾನೇಜರ್‌ಗಳೂ ಇದ್ದಾರೆ. ಯಾರೂ ಓಡಿಸದ ಹೊತ್ತಿನಲ್ಲಿ ಸರ್ವರ್‌ನಲ್ಲಿ ಏನಾಯಿತೆಂದು ಆನ್ಸಿಬಲ್‌ಗೆ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಪ್ಯಾಚ್ ಹಾಕುವಾಗ ಮಾತ್ರ ಓಡುವ ಪ್ಲೇಬುಕ್ ಉಳಿದ ಇಪ್ಪತ್ತೊಂಬತ್ತು ದಿನ ಕುರುಡು. ಏನನ್ನೂ ಬದಲಿಸದೆ ವ್ಯತ್ಯಾಸವನ್ನಷ್ಟೇ ತೋರಿಸುವ ಚೆಕ್ ಮೋಡ್ ಇದೆ. ದಿನಕ್ಕೊಮ್ಮೆ ಅದನ್ನು ಓಡಿಸಿ ವರದಿ ನೋಡುವ ಅಭ್ಯಾಸವಿದ್ದರೆ ಪಪೆಟ್ ಕೊಡುತ್ತಿದ್ದುದರ ಅರ್ಧವಾದರೂ ದಕ್ಕುತ್ತದೆ. ಶೆಲ್ ಮಾಡ್ಯೂಲ್ ತುಂಬಿದ ಪ್ಲೇಬುಕ್‌ನಲ್ಲಿ ಆ ಚೆಕ್ ಮೋಡ್ ಕೂಡ ಕೈಕೊಡುತ್ತದೆ, ಶೆಲ್ ಹೆಜ್ಜೆಗಳನ್ನು ಅದು ಹಾರಿಸಿಬಿಡುವುದರಿಂದ. ಈಗ ಇದರ ಮೇಲೆ ಲೈಟ್‌ಸ್ಪೀಡ್‌ನಂಥ ಎಐ ನೆರವೂ ಬಂದಿದೆ. ಪ್ಲೇಬುಕ್ ಬರೆಯುವುದು ಇನ್ನಷ್ಟು ಸುಲಭ. ಬರೆದದ್ದನ್ನು ಓದಿ ತಪ್ಪು ಹಿಡಿಯುವವರು ಬೇಕಾಗಿರುವುದು ಈಗಲೇ.

ಅಂಥವರು ತಯಾರಾಗಬೇಕಾದ ಒಂದು ಜಾಗ ನಮ್ಮಲ್ಲೇ ಇದೆ. ವಿಟಿಯು 2022ರ ಸ್ಕೀಮ್‌ನ ಡೆವ್‌ಆಪ್ಸ್ ಲ್ಯಾಬ್‌ನಲ್ಲಿ ಮೇವನ್, ಗ್ರೇಡಲ್, ಜೆಂಕಿನ್ಸ್ ಜೊತೆಗೆ ಆನ್ಸಿಬಲ್ ಪ್ರಯೋಗವೂ ಸೇರಿದೆ. ಸಂತೋಷದ ವಿಷಯ. ಆದರೆ ವಿದ್ಯಾರ್ಥಿ ತನ್ನ ಒಂದೇ ಯಂತ್ರದ ಮೇಲೆ ಪ್ಲೇಬುಕ್ ಓಡಿಸಿ, ಹಸಿರು ಸಾಲಿನ ಸ್ಕ್ರೀನ್‌ಶಾಟ್ ಅಂಟಿಸಿ ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡರೆ ಕಲಿತಂತಾಗುವುದಿಲ್ಲ. ಲ್ಯಾಬ್ ನಡೆಸುವ ಮೇಷ್ಟ್ರುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮೂರು ವರ್ಚುವಲ್ ಯಂತ್ರ ಕೊಡಿ. ಅದರಲ್ಲಿ ಒಂದರ ಕಾನ್ಫಿಗ್ ಅನ್ನು ಹೇಳದೆ ಕೆಡಿಸಿಡಿ. ಪ್ಲೇಬುಕ್ ಅನ್ನು ಎರಡು ಸಲ ಓಡಿಸಲು ಹೇಳಿ, ಎರಡನೇ ಸಲ ಹಳದಿ ಸಾಲು ಬಂದರೆ ಏಕೆ ಬಂತೆಂದು ಕೇಳಿ. ಉತ್ತರ ಹೇಳಿದವರಿಗೆ ಮಾತ್ರ ಅಂಕ ಕೊಡಿ.